ಕಿವಿಯೂ ನೋಯಬಾರದು, ಬೇಸೂ ಹೋಗಬಾರದು: ಆನ್-ಇಯರ್ ಹೆಡ್‌ಫೋನ್ ದೋಷ ನಿವಾರಣೆ

ಆನ್-ಇಯರ್ ಹೆಡ್‌ಫೋನ್ ಕೊಂಡವರು ಮೊದಲ ವಾರ ಹೇಳುವ ಮಾತು: “ದನಿ ಚೆನ್ನಾಗಿದೆ, ಆದ್ರೆ ಕಿವಿ ನೋಯುತ್ತೆ.” ಎರಡನೇ ವಾರ ಅದೇ ಜನ, “ಸ್ವಲ್ಪ ಸಡಿಲ ಮಾಡ್ಕೊಂಡೆ, ಈಗ ನೋವಿಲ್ಲ, ಬೇಸ್ ಮಾತ್ರ ಎಲ್ಲೋ ಹೋಯ್ತು” ಅನ್ನುತ್ತಾರೆ. ಎರಡೂ ಒಂದೇ ದೋಷದ ಎರಡು ಮುಖ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳದಿರಲು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಅನ್ನುವುದೇ ಈ ಬರಹ.

ದೊಡ್ಡ ಓವರ್-ಇಯರ್ ಹೆಡ್‌ಫೋನಿನ ಪ್ಯಾಡ್ ಕಿವಿಯ ಸುತ್ತ, ತಲೆಬುರುಡೆಯ ಮೇಲೆ ಕೂರುತ್ತದೆ. ಆನ್-ಇಯರ್ ನೇರವಾಗಿ ಕಿವಿಯ ಮೇಲೇ ಕೂರುತ್ತದೆ. ಅಲ್ಲಿ ಕಿವಿಯನ್ನು ಒತ್ತುವ ಬಲವೇ ಗಾಳಿ ಸೋರದಂತೆ ತಡೆಯುವ ಮುಚ್ಚಳ. ತಗ್ಗು ಸ್ವರ, ಅಂದರೆ ಬೇಸ್, ನಮಗೆ ತುಂಬಿ ಕೇಳಬೇಕಾದರೆ ಡ್ರೈವರ್ (ಕಪ್ಪಿನೊಳಗೆ ದನಿ ಹುಟ್ಟಿಸುವ ಪುಟ್ಟ ಸ್ಪೀಕರ್) ಮತ್ತು ಕಿವಿತಮಟೆಯ ನಡುವಿನ ಗಾಳಿ ಹಿಂದೆ ಮುಂದೆ ಒತ್ತಲ್ಪಡಬೇಕು. ಒಂದು ಸಣ್ಣ ಸಂದು ಸಿಕ್ಕರೂ ಆ ಒತ್ತಡ ಹೊರಗೆ ಹೋಗುತ್ತದೆ. ಮೇಲುಸ್ವರಕ್ಕೆ ಸಂದಿನಿಂದ ಅಷ್ಟು ತೊಂದರೆಯಿಲ್ಲ. ಹಾಗಾಗಿ ಸಡಿಲವಾದಾಗ ಮೊದಲು ಸಾಯುವುದು ಬೇಸ್.

ಮಾದರಿಗೆ ಮೂರು ಹೆಡ್‌ಫೋನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸೆನ್‌ಹೈಸರ್ ಎಚ್‌ಡಿ 25: 1988ರಿಂದ ಬರುತ್ತಿರುವುದು, ಕಪ್ ಪೂರ್ತಿ ಮುಚ್ಚಿದ ಬಗೆ, ಸುಮಾರು 140 ಗ್ರಾಂ, ಡಿಜೆಗಳ ಕೊರಳಲ್ಲಿ ನೋಡಿರುತ್ತೀರಿ. ಕಾಸ್ ಪೋರ್ಟಾ ಪ್ರೊ: 1984ರದ್ದು, ಹಿಂಬದಿ ತೆರೆದದ್ದು, ತೆಳು ಫೋಮ್ ಪ್ಯಾಡ್. ಮೂರನೆಯದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಗ್ರಾಡೊ ಎಸ್‌ಆರ್60, ಎಸ್‌ಆರ್80 ಬಳಗ: ಇವೂ ತೆರೆದವು, ಫೋಮಿನವು. ನಿಮ್ಮದು ಬೇರೆಯಾದರೂ ಈ ಮೂರರಲ್ಲಿ ಒಂದರ ಸ್ವಭಾವ ಇದ್ದೇ ಇರುತ್ತದೆ. ಮುಚ್ಚಿದ ಬಗೆಗೆ ಗಾಳಿ ಸೋರದಿರುವುದು ಮುಖ್ಯ. ತೆರೆದ ಫೋಮ್ ಬಗೆಗೆ ಡ್ರೈವರ್ ಕಿವಿಯಿಂದ ಎಷ್ಟು ದೂರ ಕೂತಿದೆ ಅನ್ನುವುದು ಮುಖ್ಯ. ಈ ವ್ಯತ್ಯಾಸ ಮುಂದೆ ಮತ್ತೆ ಮತ್ತೆ ಬರುತ್ತದೆ.

ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ

ಸಡಿಲ ಮಾಡುವ ಮೊದಲು ನೋವು ಎಲ್ಲಿದೆ ಎಂದು ಬೆರಳಿಟ್ಟು ನೋಡಿ. “ಕಿವಿ ನೋವು” ಅಂದರೆ ಸಾಲದು.

ಕಿವಿಯ ಮೇಲಂಚು ನೋಯುತ್ತಿದ್ದರೆ ಕಪ್ ಹೆಚ್ಚು ಮೇಲೆ ಕೂತಿದೆ. ಹೆಡ್‌ಬ್ಯಾಂಡನ್ನು ಎರಡೂ ಕಡೆ ಒಂದೊಂದು ಹಲ್ಲು ಇಳಿಸಿ, ಪ್ಯಾಡಿನ ನಡು ಕಿವಿಯ ರಂಧ್ರಕ್ಕೆ ಸರಿಯಾಗಿ ಬರಲಿ. ಇದಕ್ಕೆ ದುಡ್ಡಿಲ್ಲ, ಶ್ರಮವಿಲ್ಲ, ಆದರೂ ಬಹಳ ಜನ ಇದನ್ನು ಬಿಟ್ಟು ನೇರ ಹೊಸ ಪ್ಯಾಡ್ ಹುಡುಕಲು ಹೊರಡುತ್ತಾರೆ. ರಂಧ್ರದ ಮುಂದಿರುವ ಸಣ್ಣ ಉಬ್ಬು ನೋಯುತ್ತಿದ್ದರೆ ಕಪ್ ಮುಂದಕ್ಕೆ ಸರಿದಿದೆ. ಬ್ಯಾಂಡನ್ನು ನೆತ್ತಿಯ ಮೇಲೆ ಒಂದು ಬೆರಳು ಹಿಂದಕ್ಕೆ ತನ್ನಿ. ಕಿವಿಯ ಹಿಂಭಾಗ, ತಲೆಗೆ ಅಂಟಿದ ಕಡೆ ನೋವಾದರೆ ತಪ್ಪು ಹೆಚ್ಚಾಗಿ ಹೆಡ್‌ಫೋನಿನದಲ್ಲ, ಕನ್ನಡಕದ್ದು. ಕನ್ನಡಕದ ಕಡ್ಡಿ ಮತ್ತು ಪ್ಯಾಡ್ ನಡುವೆ ಕಿವಿ ಇಕ್ಕಳಕ್ಕೆ ಸಿಕ್ಕಂತೆ ಸಿಕ್ಕಿರುತ್ತದೆ.

ಇದನ್ನು ನಾನು ಕಲಿತದ್ದು ಹೀಗೆ. ನನ್ನ ಮುಚ್ಚಿದ ಹೆಡ್‌ಫೋನ್ ಎರಡು ವರ್ಷ ಚೆನ್ನಾಗಿದ್ದು, ಇದ್ದಕ್ಕಿದ್ದಂತೆ ನೋಯಿಸಲು ಶುರುಮಾಡಿತು. ಪ್ಯಾಡ್ ಬದಲಿಸಿದೆ, ನೋವು ಹೋಗಲಿಲ್ಲ. ಒಂದು ರಾತ್ರಿ ಕನ್ನಡಕ ತೆಗೆದಿಟ್ಟು ಕಣ್ಣುಮುಚ್ಚಿ ಕೇಳುತ್ತಾ ಕೂತೆ. ಒಂದೂವರೆ ಗಂಟೆ ಆದರೂ ನೋವಿಲ್ಲ. ಆಗ ನೆನಪಾಯಿತು, ಹಿಂದಿನ ತಿಂಗಳು ತೆಳು ಲೋಹದ ಕಡ್ಡಿಯ ಕನ್ನಡಕ ಬಿಟ್ಟು ದಪ್ಪ ಪ್ಲಾಸ್ಟಿಕ್ ಫ್ರೇಮ್ ಕೊಂಡಿದ್ದೆ. ಹಳೆಯ ಕನ್ನಡಕ ಹಾಕಿಕೊಂಡು ನೋಡಿದೆ, ನೋವು ಮುಕ್ಕಾಲು ಪಾಲು ಇಳಿಯಿತು. ಅದಕ್ಕೇ ಹೇಳುವುದು: ಒಂದು ದಿನ ಕನ್ನಡಕವಿಲ್ಲದೆ, ಓಲೆ ಜುಮುಕಿ ತೆಗೆದು, ಅರ್ಧ ಗಂಟೆ ಕೇಳಿ. ನೋವು ಹೋದರೆ ಹೆಡ್‌ಫೋನನ್ನು ಮುಟ್ಟಬೇಡಿ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲಿಂದ ತುಸು ಎತ್ತಿ, ಹೆಡ್‌ಫೋನ್ ಹಾಕಿದ ಮೇಲೆ ಕಡ್ಡಿಯನ್ನು ಪ್ಯಾಡಿನ ಮೇಲೆ ಕೂರಿಸಿದರೂ ಎಷ್ಟೋ ವಾಸಿ.

ಕಿವಿ ಇಡೀ ಒಂದೇ ಸಮ ಬಿಸಿಯಾಗಿ ಕೆಂಪಾಗುತ್ತಿದ್ದರೆ ಮಾತ್ರ ನಿಜಕ್ಕೂ ಬಿಗಿ ಹೆಚ್ಚು, ಇಲ್ಲವೇ ಪ್ಯಾಡ್ ಗಟ್ಟಿಯಾಗಿದೆ. ಪ್ಯಾಡನ್ನು ಬೆರಳಲ್ಲಿ ಒತ್ತಿ ಬಿಡಿ. ಒಂದೆರಡು ಸೆಕೆಂಡಿನಲ್ಲಿ ಮೇಲೆ ಬಾರದೆ ಚಪ್ಪಟೆಯಾಗೇ ಉಳಿದರೆ ಅದರ ಆಯುಸ್ಸು ಮುಗಿಯಿತು. ಚರ್ಮದಂಥ ಪ್ಯಾಡುಗಳು ಬೆವರು, ಎಣ್ಣೆ ಕುಡಿದು ಬಿರುಸಾಗುತ್ತವೆ, ಬಿರುಕು ಬಿಡುತ್ತವೆ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಇದು ಇನ್ನೂ ಬೇಗ. ಗಟ್ಟಿಯಾದ ಪ್ಯಾಡ್ ಒತ್ತಡವನ್ನು ಹಂಚುವುದಿಲ್ಲ, ಎರಡು ಮೂರು ಚುಕ್ಕೆಗಳಲ್ಲಿ ತಂದು ಹಾಕುತ್ತದೆ, ಬಿರುಕಿನಿಂದ ಗಾಳಿಯನ್ನೂ ಸೋರಿಸುತ್ತದೆ. ನೋವು ಮತ್ತು ಬೇಸ್ ಕೊರತೆ ಒಟ್ಟಿಗೇ ಬಂದರೆ ಮೊದಲ ಅನುಮಾನ ಹಳೆಯ ಪ್ಯಾಡಿನ ಮೇಲಿರಲಿ. ಹೊಸದು ಹಾಕಿದರೆ ಎರಡೂ ಒಮ್ಮೆಗೇ ಸರಿಹೋಗುತ್ತವೆ.

ಬೇಸ್ ಕಡಿಮೆಯಾಗಿದೆ

ಮೊದಲ ಪರೀಕ್ಷೆಗೆ ಎರಡು ಅಂಗೈ ಸಾಕು. ವಾಲ್ಯೂಮ್ ಮಾಮೂಲಿಗಿಂತ ಕಡಿಮೆ ಇಡಿ. ಮೃದಂಗ ಇರುವ ಯಾವುದಾದರೂ ಕಛೇರಿ ಹಾಕಿ. ಎಡಬದಿಯ, ಅಂದರೆ ತೊಪ್ಪಿಯ, “ಗುಂ” ಅನ್ನುವ ನಾದಕ್ಕೆ ಕಿವಿಗೊಡಿ. ಈಗ ಎರಡೂ ಕಪ್‌ಗಳನ್ನು ಅಂಗೈಯಿಂದ ನಿಧಾನವಾಗಿ ಒಳಕ್ಕೆ ಒತ್ತಿ. ಥಟ್ಟನೆ ಒತ್ತಬೇಡಿ, ಮುಚ್ಚಿದ ಕಪ್‌ಗಳಲ್ಲಿ ಗಾಳಿ ಕಿವಿತಮಟೆಗೆ ಹೊಡೆಯುತ್ತದೆ.

ಒತ್ತಿದಾಗ ತೊಪ್ಪಿ ತುಂಬಿಕೊಂಡರೆ ಡ್ರೈವರ್ ಆರೋಗ್ಯವಾಗಿದೆ. ಕೊರತೆ ಕಿವಿಗೂ ಪ್ಯಾಡಿಗೂ ನಡುವಿನದು. ಎಷ್ಟು ಒತ್ತಿದರೂ ತೊಪ್ಪಿ “ಟಪ್” ಎಂದೇ ಕೇಳಿದರೆ ಫೋನಿನ ಈಕ್ವಲೈಜರ್ (ತಗ್ಗು ಸ್ವರ, ಮೇಲುಸ್ವರಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್), ಹಾಡಿನ ಫೈಲು, ಕೇಬಲ್, ಕೊನೆಗೆ ಡ್ರೈವರ್ ನೋಡಬೇಕು. ಬಲಬದಿಯ ಚಾಪು ಮಾತ್ರ ಮೊದಲಿನಂತೇ ಇದ್ದು ತೊಪ್ಪಿ ಒಂದೇ ಸೊರಗಿದ್ದರೆ ಅದು ಹೆಚ್ಚಾಗಿ ಸೋರಿಕೆಯ ಗುರುತು.

ಸೋರಿಕೆ ಎಲ್ಲಿ ಎಂದು ತಿಳಿಯಲು ಕಾಗದದ ಪಟ್ಟಿ ಬೇಕು. ವೃತ್ತಪತ್ರಿಕೆಯಿಂದ ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಪ್ಯಾಡ್ ಮತ್ತು ಚರ್ಮದ ನಡುವೆ ಮೇಲೆ, ಕೆಳಗೆ, ಮುಂದೆ, ಹಿಂದೆ ಪಟ್ಟಿಯನ್ನು ತೂರಿಸಿ ಎಳೆದು ನೋಡಿ. ನಾಲ್ಕೂ ಕಡೆ ಒಂದೇ ಸಮ ತಡೆ ಸಿಗಬೇಕು. ಒಂದು ಕಡೆ ಸಲೀಸಾಗಿ ಬಂದರೆ ಸಂದು ಅಲ್ಲಿದೆ. ಸಾಮಾನ್ಯವಾಗಿ ಕಿವಿಯ ಕೆಳಗೆ, ದವಡೆ ಮೂಳೆಯ ಹಿಂದಿನ ಹಳ್ಳದಲ್ಲಿ ಸಿಗುತ್ತದೆ. ಕೆಳಗೆ ಸಡಿಲ, ಮೇಲೆ ಬಿಗಿ ಇದ್ದರೆ ಬ್ಯಾಂಡಿನ ಉದ್ದ ತಪ್ಪಾಗಿದೆ. ಎಡಗಡೆ ನಾಲ್ಕೂ ಬಿಗಿ, ಬಲಗಡೆ ಒಂದು ಸಡಿಲ ಎಂದರೆ ಎರಡು ಕಡೆಯ ಉದ್ದ ಬೇರೆ ಬೇರೆ ಇಡಿ. ನಮ್ಮ ಎರಡು ಕಿವಿಗಳೂ ಒಂದೇ ಎತ್ತರದಲ್ಲಿರಬೇಕು ಎಂಬ ನಿಯಮವೇನಿಲ್ಲ.

ಈ ಪರೀಕ್ಷೆಯ ದೊಡ್ಡ ಉಪಕಾರ ಇನ್ನೊಂದಿದೆ. ಬಹಳಷ್ಟು ಸಲ ನೋಯುವ ಜಾಗದ ನೇರ ಎದುರಿಗೇ ಸಡಿಲ ಜಾಗ ಸಿಗುತ್ತದೆ. ಒಟ್ಟು ಬಿಗಿ ಸರಿಯಾಗೇ ಇರುತ್ತದೆ, ಹಂಚಿಕೆ ಮಾತ್ರ ತಪ್ಪಿರುತ್ತದೆ. ಅಂಥಲ್ಲಿ ಬ್ಯಾಂಡ್ ಹಿಗ್ಗಿಸಿದರೆ ನೋವು ಅಲ್ಪ ಇಳಿದು ಬೇಸ್ ಪೂರ್ತಿ ಹೋಗುತ್ತದೆ. ಕಪ್ಪಿನ ಕೋನ ಬದಲಿಸಿದರೆ ನೋವೂ ಇಳಿಯುತ್ತದೆ, ಬೇಸೂ ಬರುತ್ತದೆ. ಈ ಬರಹದಲ್ಲಿ ಒಂದೇ ಒಂದನ್ನು ಮಾಡಿ ನೋಡುವುದಾದರೆ ಕಾಗದದ ಪಟ್ಟಿಯದನ್ನು ಮಾಡಿ.

ಪೋರ್ಟಾ ಪ್ರೊ ಇದ್ದವರಿಗೆ ಒಂದು ಸುಲಭದ ದಾರಿ ಅದರಲ್ಲೇ ಇದೆ. ಕಪ್‌ಗಳ ಮೇಲಿನ ಸಣ್ಣ ಗುಂಡಿಯನ್ನು ‘ಲೈಟ್’ ಕಡೆ ಸರಿಸಿದರೆ ಭಾರದ ಒಂದು ಪಾಲನ್ನು ಕಣತಲೆಯ ಮೇಲೆ ಕೂರುವ ಪುಟ್ಟ ದಿಂಬುಗಳು ಹೊರುತ್ತವೆ. ‘ಫರ್ಮ್’ ಕಡೆ ಸರಿಸಿದರೆ ಕಿವಿಯ ಮೇಲಿನ ಒತ್ತು ಹೆಚ್ಚಿ ಬೇಸ್ ಗಟ್ಟಿಯಾಗುತ್ತದೆ. ಎರಡು ಕಡೆಯೂ ಒಂದೇ ಸ್ಥಾನದಲ್ಲಿದೆಯೇ ನೋಡಿ. ಚೀಲದಲ್ಲಿ ತುರುಕಿದಾಗ ಒಂದು ಕಡೆಯದು ಸರಿದುಹೋಗಿರುವುದು ಸಾಮಾನ್ಯ.

ಈಕ್ವಲೈಜರಿನಲ್ಲಿ ಬೇಸ್ ಏರಿಸುವುದು ಕೊನೆಯ ಉಪಾಯ. ಸೋರುವ ಕೊಡಕ್ಕೆ ನೀರು ಸುರಿದಂತೆ, ಡ್ರೈವರ್ ಅಷ್ಟೂ ಹೆಚ್ಚು ಓಡಾಡಬೇಕಾಗುತ್ತದೆ. ಸೋರಿಕೆ ಮುಚ್ಚಿದ ಮೇಲೂ ಬೇಕೆನಿಸಿದರೆ 100 ಹರ್ಟ್ಜ್ ಕೆಳಗೆ 3 ಡೆಸಿಬೆಲ್ ಏರಿಸಿ, ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿ.

ಪ್ಯಾಡ್ ಬದಲಿಸಿದ ಮೇಲೆ ದನಿಯೇ ಬೇರೆಯಾಯಿತು

ಇದು ದೋಷವಲ್ಲ, ಆದರೆ ಇದನ್ನು ದೋಷವೆಂದುಕೊಂಡು ಹೆಡ್‌ಫೋನ್ ಮಾರಿದವರಿದ್ದಾರೆ. ಪ್ಯಾಡ್ ಬರೀ ಮೆತ್ತೆಯಲ್ಲ, ದನಿ ಹಾದು ಬರುವ ಬಾಗಿಲು ಕೂಡ. ದಪ್ಪ ಪ್ಯಾಡ್ ಹಾಕಿದರೆ ಕಿವಿಗೆ ಹಿತ, ಆದರೆ ಡ್ರೈವರ್ ಕೆಲವು ಮಿಲಿಮೀಟರ್ ದೂರ ಸರಿಯುತ್ತದೆ. ತೆರೆದ ಬಗೆಯಲ್ಲಿ ಅಷ್ಟಕ್ಕೇ ಬೇಸ್ ತೆಳ್ಳಗಾಗುತ್ತದೆ.

ಗ್ರಾಡೊದಲ್ಲಿ ಇದು ಕೈಗೆ ಸಿಗುವಷ್ಟು ಸ್ಪಷ್ಟ. ಚಪ್ಪಟೆ ಫೋಮ್ ಪ್ಯಾಡಿನಲ್ಲಿ ಡ್ರೈವರ್ ಮತ್ತು ಕಿವಿಯ ನಡುವೆ ಫೋಮಿನ ಪದರವೇ ಇರುತ್ತದೆ, ದನಿ ಬೆಚ್ಚಗೆ, ಮೇಲುಸ್ವರ ತುಸು ಮೆತ್ತಗೆ. ನಡುವೆ ದೊಡ್ಡ ಗುಂಡಿಯಿರುವ ಬಟ್ಟಲಿನಾಕಾರದ ಪ್ಯಾಡ್ ಹಾಕಿದರೆ ಆ ಪದರ ಮಾಯವಾಗಿ ಮೇಲುಸ್ವರ ನೇರ ಬರುತ್ತದೆ. ಹೀಗೆ ಬದಲಿಸಿಕೊಂಡು ಯಕ್ಷಗಾನದ ಚೆಂಡೆ ಕೇಳಿದರೆ ಕಿವಿ ಚುಚ್ಚಿದಂತಾಗುತ್ತದೆ.

ನಡುದಾರಿಯೂ ಇದೆ. ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ಎಂಬ ತೆರೆದ ಹೆಡ್‌ಫೋನ್ ತಂದಿತು. ಅದರ ಹಳದಿ ಫೋಮ್ ಪ್ಯಾಡುಗಳು ಅದರ ಗುರುತಾಗಿಬಿಟ್ಟವು. ಗ್ರಾಡೊ ಪ್ರಿಯರು ಎಷ್ಟೋ ವರ್ಷಗಳಿಂದ ಆ ಹಳದಿ ಪ್ಯಾಡನ್ನೇ ತಂದು, ನಡುವೆ ಅಮೆರಿಕದ ಕ್ವಾರ್ಟರ್ ನಾಣ್ಯದಷ್ಟು, ಅಂದರೆ ಸುಮಾರು 24 ಮಿಲಿಮೀಟರ್ ಅಗಲದ ತೂತು ಕತ್ತರಿಸಿ ಹಾಕಿಕೊಳ್ಳುತ್ತಾರೆ. ಚಪ್ಪಟೆ ಪ್ಯಾಡಿನ ಹಿತ ಉಳಿಯುತ್ತದೆ, ಮೇಲುಸ್ವರವೂ ಮುಚ್ಚಿಹೋಗುವುದಿಲ್ಲ. ಮೊದಲು ಸಣ್ಣ ತೂತು ಮಾಡಿ ಕೇಳಿ, ಆಮೇಲೆ ದೊಡ್ಡದು ಮಾಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಹಳೆಯ ಪ್ಯಾಡ್ ಎಸೆಯಬೇಡಿ, ತೊಳೆದು ನೆರಳಲ್ಲಿ ಒಣಗಿಸಿ ಎತ್ತಿಡಿ. ಹೋಲಿಕೆಗೆ ಬೇಕಾಗುತ್ತದೆ.

ಎಚ್‌ಡಿ 25ಕ್ಕೆ ವೆಲ್ವೆಟ್ ಥರದ ಪ್ಯಾಡ್ ಹಾಕಿದರೆ ಬೆವರು ಕಡಿಮೆ, ತುರಿಕೆ ಕಡಿಮೆ. ಬಟ್ಟೆಯೊಳಗಿಂದ ಗಾಳಿ ಒಂದಿಷ್ಟು ಹೋಗುವುದರಿಂದ ಬೇಸ್ ಮತ್ತು ಹೊರಗದ್ದಲದ ತಡೆ ಎರಡೂ ತುಸು ತಗ್ಗುತ್ತವೆ. ಮನೆಯೊಳಗೆ ಕೇಳುವವರಿಗೆ ಇದು ಒಳ್ಳೆಯ ವ್ಯಾಪಾರ, ಮೆಟ್ರೊದಲ್ಲಿ ಕೇಳುವವರಿಗೆ ಅಲ್ಲ.

ನೆತ್ತಿ ನೋವು, ಕೂದಲು ಕೀಳುವುದು

ನೆತ್ತಿಯ ಒಂದೇ ಜಾಗ ನೋಯುತ್ತಿದ್ದರೆ ಬ್ಯಾಂಡ್ ತೀರಾ ಗಿಡ್ಡವಾಗಿದೆ, ಕಪ್‌ಗಳು ಬ್ಯಾಂಡಿನಿಂದಲೇ ನೇತಾಡುತ್ತಿವೆ. ಒಂದು ಹಲ್ಲು ಉದ್ದ ಮಾಡಿ. ಎಚ್‌ಡಿ 25ರ ಬ್ಯಾಂಡ್ ಎರಡಾಗಿ ಸೀಳಿಕೊಳ್ಳುತ್ತದೆ. ಅಗಲಿಸಿದರೆ ಭಾರ ಎರಡು ಜಾಗಕ್ಕೆ ಹಂಚಿಹೋಗುತ್ತದೆ. ಪೋರ್ಟಾ ಪ್ರೊದ ಲೋಹದ ಪಟ್ಟಿಗಳು ಒಂದರೊಳಗೊಂದು ಜಾರುವಾಗ ಕೂದಲನ್ನು ಹಿಡಿದುಕೊಳ್ಳುತ್ತವೆ. ಅಳತೆಯನ್ನು ತಲೆಯಿಂದ ತೆಗೆದಾಗಲೇ ಹೊಂದಿಸಿ, ಆಮೇಲೆ ಹಾಕಿಕೊಳ್ಳಿ.

ಒಂದು ಕಡೆ ದನಿ ಕಡಿಮೆ

ಮೊದಲು ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ಕೊರತೆ ಅದೇ ಕಿವಿಯಲ್ಲಿ ಉಳಿದರೆ ಹೆಡ್‌ಫೋನ್ ನಿರಪರಾಧಿ: ಕಿವಿಯಲ್ಲಿ ಗುಗ್ಗೆ ಇರಬಹುದು, ಕೂರುವ ರೀತಿ ಇರಬಹುದು. ಕೊರತೆ ಇನ್ನೊಂದು ಕಿವಿಗೆ ಹೋದರೆ ಫೋನಿನ ಸೆಟ್ಟಿಂಗಿನಲ್ಲಿ ಎಡಬಲದ ಬ್ಯಾಲೆನ್ಸ್ ನಡುವಿನಲ್ಲಿದೆಯೇ ನೋಡಿ. ಆಮೇಲೆ ಜಾಕ್. ಜೇಬಿನ ನೂಲಿನ ಧೂಳು ಫೋನಿನ ತೂತಿನಲ್ಲಿ ಗಟ್ಟಿಯಾಗಿ ಪಿನ್ ಪೂರ್ತಿ ಒಳಹೋಗದಂತೆ ಮಾಡಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಕೆದಕಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ.

ಎಚ್‌ಡಿ 25ರ ಕೇಬಲ್ ಎರಡೂ ಕಪ್‌ಗಳಿಂದ ಕಳಚಿ ಬರುತ್ತದೆ. ಎರಡನ್ನೂ ಕಿತ್ತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಚುಚ್ಚಿ. ದೋಷ ಇನ್ನೊಂದು ಕಪ್ಪಿಗೆ ಹೋದರೆ ಕೇಬಲ್ಲೋ ಫೋನೋ, ಅದೇ ಕಪ್ಪಿನಲ್ಲಿ ಉಳಿದರೆ ಡ್ರೈವರ್. ಎಷ್ಟೋ ಸಲ ಕಿತ್ತು ಚುಚ್ಚಿದ್ದಕ್ಕೇ ಸರಿಹೋಗಿರುತ್ತದೆ, ಏಕೆಂದರೆ ಪಿನ್‌ಗಳು ಮಬ್ಬಾಗಿರುತ್ತವೆ. ಕೇಬಲ್ ಕಳಚದ ಹೆಡ್‌ಫೋನ್‌ಗಳಲ್ಲಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಪ್ಲಗ್ಗಿನ ತುದಿಯಿಂದ ಬುಡಕ್ಕೆ ಎಡಗಡೆ, ನಡು ಉಂಗುರದಿಂದ ಬುಡಕ್ಕೆ ಬಲಗಡೆ ಅಳೆಯಿರಿ. ಅಂಕಿ ಆ ಹೆಡ್‌ಫೋನಿಗೆ ಕಂಪನಿ ಹೇಳಿದ ಓಮ್‌ಗೆ ಹತ್ತಿರವಿರಬೇಕು. ಅದಕ್ಕಿಂತ ಮುಖ್ಯ, ಎರಡು ಕಡೆಯೂ ಒಂದೇ ಇರಬೇಕು. ಒಂದು ಕಡೆ ಏನೂ ತೋರಿಸದಿದ್ದರೆ ತಂತಿ ಒಳಗೆ ತುಂಡಾಗಿದೆ, ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ. ಬೆಸುಗೆ ಕೈಬರದಿದ್ದರೆ ಇಲ್ಲಿಗೆ ನಿಲ್ಲಿಸಿ. ಒಳಗಿನ ತಂತಿಗಳು ಕೂದಲಿನಷ್ಟು ತೆಳು, ಮೇಲೆ ಬಣ್ಣದ ಲೇಪ ಬೇರೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹೊಸ ಪ್ಲಗ್ ಹಾಕಿಕೊಡುವವರು ಸಿಗುತ್ತಾರೆ. ವಾರಂಟಿ ಇದ್ದರೆ ಮೊದಲು ಅಲ್ಲಿಗೆ.

ತಗ್ಗು ಸ್ವರದಲ್ಲಿ “ಬುರ್ರ್” ಎನ್ನುತ್ತದೆ

ಡ್ರೈವರ್ ಹರಿಯಿತು ಎಂದು ಹೆದರಬೇಡಿ. ಫೋಮ್ ಪ್ಯಾಡ್‌ಗಳಲ್ಲಿ ಇದಕ್ಕೆ ಮುಖ್ಯ ಕಾರಣ ಒಂದು ಕೂದಲು. ಪ್ಯಾಡ್ ತೆಗೆದು, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಜಾಲರಿಯೊಳಗಿಂದ ಒಂದು ತುದಿ ಇಣುಕುತ್ತಿರುತ್ತದೆ, ಇನ್ನೊಂದು ತುದಿ ಡ್ರೈವರಿನ ಅದುರುವ ಪೊರೆಗೆ ತಾಗಿ ನಡುಗುತ್ತಿರುತ್ತದೆ. ಕಬ್ಬಿಣದ ಚಿಮಟ ತರಬೇಡಿ. ಡ್ರೈವರಿನ ಅಯಸ್ಕಾಂತ ಅದನ್ನು ಎಳೆದುಕೊಂಡು, ಚಿಮಟದ ಮೊನೆ ಜಾಲರಿಯ ಮೂಲಕ ಪೊರೆಗೇ ಚುಚ್ಚುತ್ತದೆ. ಬೆಂಕಿಕಡ್ಡಿಯ ತುದಿಗೆ ಟೇಪನ್ನು ಅಂಟುಮುಖ ಹೊರಗೆ ಬರುವಂತೆ ಸುತ್ತಿ, ಕೂದಲಿನ ತುದಿಗೆ ಮುಟ್ಟಿಸಿ ಮೆಲ್ಲಗೆ ಎಳೆಯಿರಿ. ಬಾಯಿಂದ ಊದುವುದು, ವ್ಯಾಕ್ಯೂಮ್ ಹಿಡಿಯುವುದು ಎರಡೂ ಅಪಾಯ.

ಕೂದಲಿಲ್ಲದಿದ್ದರೂ ಸದ್ದು ಬಂದರೆ 50 ಹರ್ಟ್ಜ್‌ನ ಒಂಟಿ ಸ್ವರವನ್ನು ತೀರಾ ಸಣ್ಣ ವಾಲ್ಯೂಮಿನಲ್ಲಿ ಹಾಕಿ ಕೇಳಿ. ಅಷ್ಟರಲ್ಲೂ ಒಂದು ಕಡೆ ಕೆರೆದಂತಾದರೆ ಡ್ರೈವರ್ ಹಾಳಾಗಿದೆ. ಮುಚ್ಚಿದ ಹೆಡ್‌ಫೋನ್ ಹಾಕಿಕೊಳ್ಳುವಾಗ ಒಮ್ಮೆ “ಟಿಕ್” ಅನ್ನುವುದು ಬೇರೆ, ಅದು ಒಳಗಿನ ಗಾಳಿ ಪೊರೆಯನ್ನು ತಳ್ಳಿದ ಸದ್ದು, ದೋಷವಲ್ಲ.

ಎಲ್ಲ ನೋಡಿದ ಮೇಲೂ ಬಿಗಿ ಹೆಚ್ಚಿದ್ದರೆ: ಬ್ಯಾಂಡ್ ಹಿಗ್ಗಿಸುವುದು

ಇದನ್ನು ಇಷ್ಟು ಕೆಳಗೆ ಬರೆಯಲು ಕಾರಣವಿದೆ. ನಾನೊಮ್ಮೆ ಅವಸರದಲ್ಲಿ ಲೋಹದ ಬ್ಯಾಂಡನ್ನು ಕೈಯಿಂದ ಬಗ್ಗಿಸಿ, ನೋವು ಹೋಯಿತೆಂದು ಸಂತೋಷಪಟ್ಟು, ಆಮೇಲೆ ಒಂದು ತಿಂಗಳು ತೆಳುದನಿಗೆ ಆಂಪ್ಲಿಫೈಯರನ್ನು ದೂರುತ್ತಾ ಇದ್ದೆ.

ಕೈಯಿಂದ ಬಗ್ಗಿಸುವ ಬದಲು ಪುಸ್ತಕಗಳನ್ನು ಬಳಸಿ. ತಲೆಯ ಅಗಲಕ್ಕಿಂತ ಒಂದು ಬೆರಳು ಹೆಚ್ಚು ಬರುವಷ್ಟು ಪುಸ್ತಕಗಳನ್ನು ಜೋಡಿಸಿ, ಪ್ಯಾಡ್‌ಗಳು ಎರಡು ಬದಿಗೆ ಬರುವಂತೆ ಹೆಡ್‌ಫೋನನ್ನು ಒಂದು ರಾತ್ರಿ ಅದಕ್ಕೆ ತೊಡಿಸಿಡಿ. ಬೆಳಿಗ್ಗೆ ಮೊದಲು ಅಂಗೈ ಪರೀಕ್ಷೆ, ಆಮೇಲೆ ಕಾಗದದ ಪಟ್ಟಿ. ತೊಪ್ಪಿಯ ನಾದ ಇನ್ನೂ ತುಂಬಿದ್ದು ನೋವು ಉಳಿದಿದ್ದರೆ ಇನ್ನೊಂದು ರಾತ್ರಿ. ನಾದ ತೆಳ್ಳಗಾಗಲು ಶುರುವಾದ ದಿನವೇ ನಿಲ್ಲಿಸಿ. ಗ್ರಾಡೊದಂಥ ಉಕ್ಕಿನ ಪಟ್ಟಿ ಇದ್ದರೆ ಹೆಚ್ಚಾದರೂ ಹಿಂದಕ್ಕೆ ಒತ್ತಿಕೊಳ್ಳಬಹುದು. ಪ್ಲಾಸ್ಟಿಕ್ ಬ್ಯಾಂಡನ್ನು ಕೈಯಿಂದ ತಿರುಚಬೇಡಿ, ಹೇರ್ ಡ್ರೈಯರ್‌ನಿಂದ ಕಾಯಿಸಬೇಡಿ. ಬಿರುಕು ಬಿಟ್ಟರೆ ಮುಖಕ್ಕೇ ಸಿಡಿಯಬಹುದು.

ಇಲ್ಲಿ ಹೆಡ್‌ಫೋನ್ ಬಿಟ್ಟು ವೈದ್ಯರ ಬಳಿ ಹೋಗಬೇಕು

ಬಿಗಿಯಿಂದ ಬಂದ ತಲೆನೋವು ಹೆಡ್‌ಫೋನ್ ತೆಗೆದ ಒಂದು ಗಂಟೆಯೊಳಗೆ ಇಳಿಯಬೇಕು. ಇಳಿಯದಿದ್ದರೆ, ದಿನಾ ಬರುತ್ತಿದ್ದರೆ ಅದು ಬರೀ ಬಿಗಿಯ ನೋವಲ್ಲ. ಹೊರಕಿವಿ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಓಲೆ ಚುಚ್ಚುವ ಮೆತ್ತನೆ ಭಾಗ ಮಾತ್ರ ಸರಿಯಾಗಿದ್ದರೆ ಮೃದ್ವಸ್ಥಿಗೆ ಸೋಂಕು ತಗಲಿರಬಹುದು. ಕಿವಿಯ ಮೇಲಂಚಿನಲ್ಲಿ ಹೊಸದಾಗಿ ಚುಚ್ಚಿಸಿಕೊಂಡವರು ಇದಕ್ಕೆ ವಿಶೇಷ ಗಮನ ಕೊಡಿ, ಗಾಯ ಮಾಯುವವರೆಗೆ ಆನ್-ಇಯರ್ ಹಾಕಲೇಬೇಡಿ. ಮೇಲಂಚಿನಲ್ಲಿ ವಾರಗಟ್ಟಲೆ ಹೋಗದ ಗಟ್ಟಿ, ನೋಯುವ ಗಂಟನ್ನೂ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕೇಬಲ್ ಪರೀಕ್ಷೆ ಮಾಡುತ್ತಾ ದಿನ ಕಳೆಯಬೇಡಿ, ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ನೋಡಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಸಡಿಲ ಮಾಡಿ ಬೇಸ್ ಕಳೆದುಕೊಂಡವರು ಅದನ್ನು ವಾಲ್ಯೂಮಿನಿಂದ ತುಂಬಿಕೊಳ್ಳಲು ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಅದೇ 90ಕ್ಕೆ ಏರಿಸಿದರೆ ದೊಡ್ಡವರಿಗೂ ವಾರಕ್ಕೆ 4 ಗಂಟೆ ಅಷ್ಟೇ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ “ಗುಂಯ್” ಎಂದರೆ ಆ ದಿನದ ಮಟ್ಟಿಗೆ ಮತ್ತೆ ಹಾಕಬೇಡಿ. ಮಾರನೆಯ ದಿನವೂ ಹೋಗದಿದ್ದರೆ ತೋರಿಸಿಕೊಳ್ಳಿ.

ಕೊಂಡ ಅಂಗಡಿಯ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಕನ್ನಡಕ, ಕೋನ, ಉದ್ದ ಮೂರನ್ನೂ ನೋಡಿಬಿಡಿ. ಪ್ಯಾಡ್ ಕತ್ತರಿಸುವುದು, ಬ್ಯಾಂಡ್ ಹಿಗ್ಗಿಸುವುದು ಆ ಅವಧಿಯಲ್ಲಿ ಬೇಡ, ವಾಪಸ್ ತೆಗೆದುಕೊಳ್ಳುವುದಿಲ್ಲ. ತಲೆಗೆ ಅಂಟಿದಂತಿರದೆ ಹೊರಚಾಚಿದ ಕಿವಿ, ದಪ್ಪ ಫ್ರೇಮಿನ ಕನ್ನಡಕ, ದಿನಕ್ಕೆ ಐದಾರು ಗಂಟೆಯ ಕೆಲಸ, ಈ ಮೂರೂ ಇದ್ದವರಿಗೆ ನಾನು ನೇರವಾಗಿ ಓವರ್-ಇಯರ್ ಕೊಳ್ಳಿ ಎನ್ನುತ್ತೇನೆ. ಆನ್-ಇಯರ್ ಮನಸ್ಸಿಗೆ ಹಿಡಿದಿದ್ದರೆ ರಾತ್ರಿ ಊಟವಾದ ಮೇಲಿನ ಮುಕ್ಕಾಲು ಗಂಟೆಗೆ, ಕನ್ನಡಕ ತೆಗೆದಿಟ್ಟು ಕೇಳಲು, ಅದನ್ನು ಇಟ್ಟುಕೊಳ್ಳಿ.